ಹಿತ್ತಿಲ ಬಾಗಿಲಿನ ಚರಿತ್ರೆ

ನಮ್ಮ ಕಡೆಯ ಹಳೆಯ ಮನೆಗಳನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತಿದ್ದೀತು. ಮುಂಬಾಗಿಲಿಗೆ ಇರುವ ಮರ್ಯಾದೆ ಬೇರೆ, ಹಿತ್ತಿಲ ಬಾಗಿಲಿಗೆ ಇರುವ ಸಲಿಗೆ ಬೇರೆ. ಮುಂಬಾಗಿಲಿಗೆ ಹಲಸಿನ ದಾರಂದ, ಅದರ ಮೇಲೆ ಕೆತ್ತನೆ, ಒಳಗಡೆ ದಪ್ಪನೆಯ ಅಗಳಿ. ಬಂದವರು ಅಂಗಳದಲ್ಲಿ ನಿಂತು, ತಾವು ಯಾರೆಂದು ಹೇಳಿಕೊಂಡು, ಕಾಲು ತೊಳೆದು ಮೇಲೆ ಬರಬೇಕು. ಹಿತ್ತಿಲ ಬಾಗಿಲಿಗೆ ಈ ಉಪಚಾರಗಳೊಂದೂ ಇಲ್ಲ. ಬಾವಿಯ ನೀರು, ತೋಟದ ಬಾಳೆಲೆ, ಒಲೆಗೆ ಸೌದೆ ಎಲ್ಲವೂ ಆ ದಾರಿಯಲ್ಲೇ ಬರುತ್ತವೆ. ಯಾರೂ ಯಾರನ್ನೂ ಕೇಳುವುದಿಲ್ಲ. ಆದುದರಿಂದಲೇ ನಮ್ಮ ಭಾಷೆಯಲ್ಲಿ ಹಿಂಬಾಗಿಲು ಎಂಬ ಮಾತಿಗೆ ಒಂದು ಕಳಂಕ ಅಂಟಿಕೊಂಡಿದೆ. ಯೋಗ್ಯತೆಯಿಲ್ಲದೆ ಹುದ್ದೆ ಗಿಟ್ಟಿಸಿದವನನ್ನು ಹಿಂಬಾಗಿಲಿನಿಂದ ಬಂದವನು ಎನ್ನುತ್ತೇವೆ.

ಈ ಮಾತೇ ಈಗ ಕಂಪ್ಯೂಟರಿನ ಲೋಕದಲ್ಲಿ ಪಾರಿಭಾಷಿಕ ಪದವಾಗಿ ಕುಳಿತಿದೆ. ಒಡೆಯನಿಗೆ ತಿಳಿಯದಂತೆ, ಗುರುತಿನ ಪದವನ್ನು ಕೇಳದೆ, ಹೊರಗಿನವನನ್ನು ಯಂತ್ರದೊಳಕ್ಕೆ ಬಿಟ್ಟುಕೊಳ್ಳುವ ಗುಟ್ಟಿನ ತಂತ್ರಾಂಶಕ್ಕೆ 'ಬ್ಯಾಕ್‌ಡೋರ್' ಎಂದು ಹೆಸರು. ನಾನು ಕನ್ನಡ ಪಾಠ ಹೇಳುವವನು, ಯಂತ್ರಶಾಸ್ತ್ರ ನನ್ನದಲ್ಲ. ಆದರೆ ಈ ಹಿತ್ತಿಲ ಬಾಗಿಲಿಗೆ ಒಂದು ಚರಿತ್ರೆಯಿದೆ, ಆ ಚರಿತ್ರೆಯ ಬೇರು ನಮ್ಮ ಕಾವ್ಯ ಕಥೆಗಳಲ್ಲಿಯೂ ಹರಡಿದೆ ಎಂಬುದರಿಂದ ಈ ನಾಲ್ಕು ಮಾತು.

ಗ್ರೀಕರು ಮರದ ಕುದುರೆಯ ಹೊಟ್ಟೆಯಲ್ಲಿ ಅಡಗಿ ಟ್ರಾಯ್ ನಗರವನ್ನು ಹೊಕ್ಕ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ನಮ್ಮಲ್ಲಿಯೂ ಅಂಥದೊಂದು ಕಥೆಯುಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ವತ್ಸದೇಶದ ಉದಯನನಿಗೆ ವೀಣೆಯೆಂದರೆ ಪ್ರಾಣ. ಆನೆ ಹಿಡಿಯುವುದೆಂದರೆ ಅದಕ್ಕಿಂತ ಮಿಗಿಲು. ಉಜ್ಜಯಿನಿಯ ರಾಜ ಒಂದು ಕೃತಕವಾದ ಆನೆಯನ್ನು ಮಾಡಿಸಿ, ಅದರೊಳಗೆ ಯೋಧರನ್ನಿಟ್ಟು, ಕಾಡಿನಲ್ಲಿ ನಿಲ್ಲಿಸಿದ. ಉದಯನ ತನ್ನ ವೀಣೆಯನ್ನು ನುಡಿಸುತ್ತ ಅದರ ಬಳಿಗೆ ತಾನಾಗಿ ನಡೆದುಹೋದ, ಸೆರೆಸಿಕ್ಕಿದ. ಕಥಾಸರಿತ್ಸಾಗರ ಹೇಳುವ ಈ ಕಥೆಯಲ್ಲಿ ಗಮನಿಸಬೇಕಾದುದು ಯಂತ್ರದ ಆನೆಯನ್ನಲ್ಲ, ಉದಯನನ ಆಸೆಯನ್ನು. ಕೋಟೆಯನ್ನು ಒಡೆಯುವ ಶ್ರಮ ಶತ್ರುವಿಗೆ ಬೇಕಾಗಲಿಲ್ಲ. ಯಾವುದನ್ನು ಕಂಡರೆ ಈತ ಎದ್ದು ಬರುತ್ತಾನೆ ಎಂಬುದನ್ನು ತಿಳಿದುಕೊಂಡರೆ ಸಾಕಾಯಿತು.

ಅಮೆರಿಕದ ವಾಯುಸೇನೆಗಾಗಿ 1972ರಲ್ಲಿ ಸಿದ್ಧವಾದ ವರದಿಯೊಂದರಲ್ಲಿ 'ಟ್ರೋಜನ್ ಕುದುರೆ' ಎಂಬ ಹೆಸರು ಕಂಪ್ಯೂಟರಿಗೆ ಅನ್ವಯವಾಯಿತು. ಹೊರಗೆ ಉಪಕಾರಿ, ಒಳಗೆ ಅಪಕಾರಿ ಆದ ತಂತ್ರಾಂಶ ಅದು. ಕುದುರೆಗೂ ಹಿತ್ತಿಲ ಬಾಗಿಲಿಗೂ ಇರುವ ಭೇದವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕುದುರೆ ಒಳಗೆ ಬರುವ ಉಪಾಯ. ಹಿತ್ತಿಲ ಬಾಗಿಲು ಬಂದವನು ಮತ್ತೆ ಮತ್ತೆ ಬರಲೆಂದು ತೆರೆದಿಟ್ಟುಕೊಳ್ಳುವ ದಾರಿ. ಮೊದಲನೆಯದು ಒಂದು ರಾತ್ರಿಯ ಕೆಲಸ, ಎರಡನೆಯದು ವರ್ಷಗಟ್ಟಲೆ ನಡೆಯುವ ಸಂಸಾರ.

ಕಟ್ಟಿದವನೇ ಕೇಡನ್ನು ಗೋಡೆಯಲ್ಲಿ ಬೆರೆಸಿಟ್ಟರೆ ಏನು ಗತಿ? ಮಹಾಭಾರತದ ಅರಗಿನ ಮನೆ ಈ ಪ್ರಶ್ನೆಯನ್ನು ಎತ್ತಿದೆ. ಪುರೋಚನ ಕಟ್ಟಿದ ಮನೆ ನೋಡಲು ಅರಮನೆ. ಗೋಡೆಯೆಲ್ಲ ಅರಗು, ತುಪ್ಪ. ಒಳಗಿನ ಮಂಚ ಪೀಠಗಳನ್ನು ಎಷ್ಟು ಪರೀಕ್ಷಿಸಿದರೂ ದೋಷ ಕಾಣದು, ಏಕೆಂದರೆ ದೋಷವಿರುವುದು ಮನೆಯಲ್ಲಿಯೇ. 1984ರಲ್ಲಿ ಅಚ್ಚಾದ ಒಂದು ಉಪನ್ಯಾಸದಲ್ಲಿ ಕೆನ್ ಥಾಂಪ್ಸನ್ ಎಂಬ ವಿಜ್ಞಾನಿ ಇದನ್ನೇ ಗಣಿತದಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟರು. ಅವರು ಯೂನಿಕ್ಸ್ ವ್ಯವಸ್ಥೆಯನ್ನು ರಚಿಸಿದವರಲ್ಲಿ ಮುಖ್ಯರು; 1983ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿಯನ್ನು ಡೆನ್ನಿಸ್ ರಿಚಿಯವರೊಡನೆ ಹಂಚಿಕೊಂಡವರು.

ಅವರ ವಾದವನ್ನು ನಮ್ಮ ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಮನುಷ್ಯ ಬರೆದ ತಂತ್ರಾಂಶದ ಮೂಲವನ್ನು ಯಂತ್ರ ನೇರವಾಗಿ ಓದಲಾರದು. ನಡುವೆ 'ಕಂಪೈಲರ್' ಎಂಬ ಅನುವಾದಕ ಬೇಕು. ಈ ಅನುವಾದಕ ಮೂಲದಲ್ಲಿ ಇಲ್ಲದ ಒಂದು ಸಾಲನ್ನು ತಾನೇ ಸೇರಿಸಿಬಿಟ್ಟರೆ? ಓಲೆಗರಿಯನ್ನು ಪ್ರತಿ ಮಾಡುವ ಲಿಪಿಕಾರ ತನ್ನದೊಂದು ಪದ್ಯವನ್ನು ತುರುಕಿದರೆ ಅದನ್ನು ಪ್ರಕ್ಷಿಪ್ತ ಎನ್ನುತ್ತೇವೆ; ಬೇರೆ ಪ್ರತಿಗಳೊಡನೆ ಹೋಲಿಸಿ ಕಳೆಯುತ್ತೇವೆ. ಇಲ್ಲಿಯ ಲಿಪಿಕಾರ ಇನ್ನೂ ಜಾಣ. ಪ್ರವೇಶದ್ವಾರದ ತಂತ್ರಾಂಶವನ್ನು ಅನುವಾದಿಸುವಾಗ ತನ್ನ ಗುಟ್ಟಿನ ಪದವನ್ನು ಸೇರಿಸುತ್ತಾನೆ. ಮುಂದಿನ ಲಿಪಿಕಾರನನ್ನು ತಯಾರು ಮಾಡುವಾಗ ಈ ಚಾಳಿಯನ್ನೂ ಅವನಿಗೆ ಕಲಿಸಿಬಿಡುತ್ತಾನೆ. ಮೂಲಗ್ರಂಥ ಎಲ್ಲೆಡೆಯೂ ಶುದ್ಧವಾಗಿಯೇ ಇರುತ್ತದೆ. ಕೇಡು ಮಾತ್ರ ವಂಶಪಾರಂಪರ್ಯವಾಗಿ ಸಾಗುತ್ತದೆ. ನೀವೇ ಪೂರ್ತಿಯಾಗಿ ರಚಿಸದ ಯಾವ ತಂತ್ರಾಂಶವನ್ನೂ ಓದಿ ಮಾತ್ರದಿಂದ ನಂಬಲಾಗದು ಎಂಬುದು ಥಾಂಪ್ಸನ್ನರ ತೀರ್ಮಾನ.

ಅದು ವಿದ್ವಾಂಸರ ನಡುವಿನ ಮಾತಾಯಿತು. ಸಾಮಾನ್ಯರ ಮನೆಯ ಯಂತ್ರಕ್ಕೆ ಈ ಪೀಡೆ ಬಂದುದು ಅಂತರ್ಜಾಲ ಹರಡಿದ ಮೇಲೆ. 1998ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ವೇಗಸ್ಸಿನಲ್ಲಿ ಸೇರಿದ ಕನ್ನಗಾರರ ಮೇಳದಲ್ಲಿ 'ಬ್ಯಾಕ್ ಆರಿಫಿಸ್' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ವಿಂಡೋಸ್ 95 ಮತ್ತು 98 ಇದ್ದ ಯಂತ್ರವನ್ನು ದೂರದಲ್ಲಿ ಕುಳಿತವನು ತನ್ನದೇ ಎಂಬಂತೆ ಆಡಿಸಬಹುದಾಗಿತ್ತು. ಮುಂದೆ ಬಂದ ನೂರಾರು ಸಂತತಿಗೆ ಇದೇ ಮಾದರಿ.

ಇವುಗಳ ನಡವಳಿಕೆ ಹೆಚ್ಚು ಕಡಿಮೆ ಒಂದೇ ರೀತಿ. ಮೊದಲು ಪ್ರವೇಶ: ಮಿಂಚಂಚೆಗೆ ಅಂಟಿಸಿದ ಕಡತ, ಪುಕ್ಕಟೆ ಸಿಗುವ ಕಳ್ಳಪ್ರತಿ, ಕೈಯಿಂದ ಕೈಗೆ ತಿರುಗುವ ಪೆನ್‌ಡ್ರೈವು ಇವೇ ಅದರ ವಾಹನಗಳು. ಒಳಗೆ ಬಂದುದು ನೆಲೆಯೂರುತ್ತದೆ. ಯಂತ್ರ ಎಚ್ಚರಗೊಂಡಾಗಲೆಲ್ಲ ತಾನೂ ಏಳುವಂತೆ, ಯಾರಿಗೂ ಸಂಶಯ ಬಾರದ ಹೆಸರಿಟ್ಟುಕೊಂಡು, ಮನೆಯ ಆಳುಗಳ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಅನಂತರ ಹೊರಗಿರುವ ತನ್ನ ಧಣಿಗೆ ತಾನಾಗಿ ಸುದ್ದಿ ಮುಟ್ಟಿಸುತ್ತದೆ. ಕಾವಲುಗಾರ ಹೊರಗಿನಿಂದ ಬರುವವರನ್ನು ತಡೆದಷ್ಟು ಒಳಗಿನಿಂದ ಹೋಗುವವರನ್ನು ತಡೆಯುವುದಿಲ್ಲವಷ್ಟೆ! ಕೊನೆಯದು ಆಜ್ಞಾಪಾಲನೆ. ಕಡತಗಳನ್ನು ನಕಲು ಮಾಡು ಎಂದರೆ ಮಾಡುತ್ತದೆ. ಒತ್ತಿದ ಅಕ್ಷರಗಳನ್ನು ಬರೆದಿಡು ಎಂದರೆ ಬರೆದಿಡುತ್ತದೆ. ಬೇರೆ ಕಳ್ಳರನ್ನೂ ಕರೆ ಎಂದರೆ ಕರೆಯುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಯಂತ್ರ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಮಾಮೂಲು ರೋಗಕ್ಕೆ ಜ್ವರವಾದರೂ ಕಾಣಿಸುತ್ತದೆ. ಇದಕ್ಕೆ ಅದೂ ಇಲ್ಲ. ಧರ್ಮಶಾಲೆಯಲ್ಲಿರುವ ದಲೈಲಾಮಾ ಅವರ ಕಚೇರಿಯ ಯಂತ್ರಗಳನ್ನು ಪರೀಕ್ಷಿಸಿದ ಕೆನಡಾದ ಸಂಶೋಧಕರು 2009ರ ಮಾರ್ಚಿನಲ್ಲಿ ವರದಿ ಕೊಟ್ಟಾಗ, ಒಂದೇ ಜಾಲಕ್ಕೆ 103 ದೇಶಗಳ 1,295 ಯಂತ್ರಗಳು ಸಿಕ್ಕಿಬಿದ್ದಿದ್ದವು.

ನಮ್ಮ ಪುಂಜಾಲಕಟ್ಟೆಯಿಂದ ಬೆಳ್ತಂಗಡಿಯನ್ನು ದಾಟಿ ಮುಂದೆ ಹೋದರೆ ಗಡಾಯಿಕಲ್ಲು ಸಿಗುತ್ತದೆ. 1794ರಲ್ಲಿ ಟಿಪ್ಪು ಸುಲ್ತಾನ ಅಲ್ಲಿ ಕೋಟೆ ಕಟ್ಟಿಸಿ ತನ್ನ ತಾಯಿಯ ಹೆಸರಿನಲ್ಲಿ ಜಮಲಾಬಾದ್ ಎಂದು ಕರೆದ. ಕಡಿದಾದ ಬಂಡೆ; ಮೇಲೇರಲು ಕಲ್ಲಿನಲ್ಲಿ ಕೊರೆದ ಒಂದೇ ಇಕ್ಕಟ್ಟಾದ ದಾರಿ. ಕೆಲವರೇ ನಿಂತು ದೊಡ್ಡ ಸೈನ್ಯವನ್ನು ತಡೆಯಬಹುದಾದ ಜಾಗ. ಆದರೂ ಐದೇ ವರ್ಷಗಳಲ್ಲಿ, 1799ರಲ್ಲಿ, ಅದು ಇಂಗ್ಲಿಷರ ಕೈಸೇರಿತು. ಆದರೆ ಒಂದೇ ದಾರಿಯಿರಬೇಕು ಎಂಬ ಬುದ್ಧಿ ಸುಳ್ಳಲ್ಲ. 2019ರ ಸೆಪ್ಟೆಂಬರ್ 4ರಂದು ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಸ್ಥಾವರಕ್ಕೆ ಸಂಬಂಧಿಸಿದ ಸೋಂಕೊಂದರ ಸೂಚನೆ ಅಣುಶಕ್ತಿ ನಿಗಮಕ್ಕೆ ಬಂತು. ಅಂಥ ದಾಳಿ ಸಾಧ್ಯವೇ ಇಲ್ಲವೆಂದು ಅಕ್ಟೋಬರ್ 29ರಂದು ಸ್ಥಾವರ ಹೇಳಿತು. ಮರುದಿನವೇ ನಿಗಮ ಒಪ್ಪಿಕೊಂಡಿತು. ಸೋಂಕು ತಗುಲಿದ್ದು ಆಡಳಿತದ ಕೆಲಸಕ್ಕೆ ಅಂತರ್ಜಾಲದೊಡನೆ ಜೋಡಿಸಿದ್ದ ಒಂದು ಯಂತ್ರಕ್ಕೆ ಮಾತ್ರ, ಸ್ಥಾವರವನ್ನು ನಡೆಸುವ ಯಂತ್ರಗಳು ಪ್ರತ್ಯೇಕವಾಗಿದ್ದುದರಿಂದ ಅವಕ್ಕೆ ಬಾಧೆಯಿಲ್ಲ ಎಂದು ತಿಳಿಸಿತು. ನಮ್ಮ ಕೈಗಾ ಸ್ಥಾವರವನ್ನು ನಡೆಸುವುದೂ ಇದೇ ನಿಗಮ. ಬಂಡೆಯನ್ನು ಬಯಲಿನಿಂದ ಬೇರೆಯಾಗಿಟ್ಟ ಕಾರಣ ಆ ಸಲ ಕೋಟೆ ಉಳಿಯಿತು.

ಅದೇ ವರ್ಷದ ಏಪ್ರಿಲ್ 15ರಂದು ಬೆಂಗಳೂರಿನ ವಿಪ್ರೋ ಸಂಸ್ಥೆಯ ಸುದ್ದಿಯನ್ನು ಬ್ರಯಾನ್ ಕ್ರೆಬ್ಸ್ ಎಂಬ ಅಮೆರಿಕದ ಪತ್ರಕರ್ತ ಹೊರಗೆಡಹಿದರು. ಮೋಸದ ಮಿಂಚಂಚೆಗಳಿಂದ ಕೆಲವು ನೌಕರರ ಖಾತೆಗಳು ಪರರ ಕೈಗೆ ಸಿಕ್ಕಿದ್ದವೆಂಬುದನ್ನು ಸಂಸ್ಥೆಯೂ ಅನಂತರ ಒಪ್ಪಿಕೊಂಡಿತು. ದಾಳಿಕಾರರು ಬಳಸಿದ್ದು ಯಾವ ಮಾಯಾವಿದ್ಯೆಯನ್ನೂ ಅಲ್ಲ. ದೂರದಿಂದಲೇ ಯಂತ್ರವನ್ನು ರಿಪೇರಿ ಮಾಡಲೆಂದು ಅಂಗಡಿಯಲ್ಲಿ ಮಾರುವ 'ಸ್ಕ್ರೀನ್‌ಕನೆಕ್ಟ್' ಎಂಬ ಸಾಧನವನ್ನು. ರಿಪೇರಿಯವನಿಗೆ ತೆರೆದ ಬಾಗಿಲಿನಲ್ಲಿ ಕಳ್ಳ ಬಂದ. ಮನೆಗೆ ಬಂದವನ ಕಣ್ಣು ಆ ಮನೆಯ ಮೇಲಷ್ಟೇ ಇರಲಿಲ್ಲ. ವಿಪ್ರೋವನ್ನು ನಂಬಿದ್ದ ಗಿರಾಕಿಗಳ ಮೇಲೂ ಇತ್ತು.

ಹಾಗಾದರೆ ಇದು ದೊಡ್ಡವರ ಮನೆಯ ಚಿಂತೆಯೇ? 2024ರ ಜುಲೈಯಲ್ಲಿ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಹೊರಗೆಡಹಿದ ಸಂಗತಿ ಅಲ್ಲ ಎನ್ನುತ್ತದೆ. ಸಾರಿಗೆ ಇಲಾಖೆಯ ಪರಿವಾಹನ್ ಸೇವೆಯ ಹೆಸರಿನಲ್ಲಿ, ಕರ್ನಾಟಕ ಪೊಲೀಸರ ಹೆಸರಿನಲ್ಲಿ, ವಾಟ್ಸಾಪಿಗೆ ದಂಡದ ಚಲನ್ ಬರುತ್ತಿತ್ತು. ವಿವರ ನೋಡಲು ಈ ಆ್ಯಪನ್ನು ಹಾಕಿಕೊಳ್ಳಿ ಎಂದು ಸೂಚನೆ. ಹಾಕಿಕೊಂಡರೆ ಅದು ಸಂಪರ್ಕಗಳನ್ನು, ಕರೆಗಳನ್ನು, ಸಂದೇಶಗಳನ್ನು ನೋಡಲು ಅಪ್ಪಣೆ ಬೇಡುತ್ತಿತ್ತು. ಕೊಟ್ಟಮೇಲೆ ಮೊಬೈಲಿಗೆ ಬರುವ ಒಟಿಪಿ ಒಡೆಯನಿಗಿಂತ ಮೊದಲು ಕಳ್ಳನ ಕೈಸೇರುತ್ತಿತ್ತು. ಅದರಿಂದ ಅವರ ಖಾತೆಗಳನ್ನು ಹೊಕ್ಕು ಗಿಫ್ಟ್ ಕಾರ್ಡುಗಳನ್ನು ಕೊಂಡು ನಗದು ಮಾಡಿಕೊಳ್ಳುತ್ತಿದ್ದರು. ಸಂಸ್ಥೆ ಲೆಕ್ಕಹಾಕಿದಂತೆ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಮೊಬೈಲುಗಳು, ಹದಿನಾರು ಲಕ್ಷಕ್ಕೂ ಮಿಕ್ಕ ರೂಪಾಯಿ. ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲಿ ಗುಜರಾತಿನ ಬೆನ್ನಿಗೇ ಕರ್ನಾಟಕ.

ಉದಯನನನ್ನು ಆಸೆ ಎಳೆದಿತ್ತು. ಇಲ್ಲಿ ಎಳೆದುದು ಭಯ. ಪೊಲೀಸರ ಕಾಗದವೆಂದರೆ ಎದೆ ಝಲ್ಲೆನ್ನುವ ಸಾಧು ಜನರೇ ಇದಕ್ಕೆ ಬಲಿ. ನಮ್ಮ ಬಂಟ್ವಾಳ ಬೆಳ್ತಂಗಡಿಯ ಊರುಗಳಲ್ಲಿ ಬೀಡಿ ಕಟ್ಟುವ ಹೆಂಗಸಿನ ಗೃಹಲಕ್ಷ್ಮಿಯ ಹಣ, ನಿವೃತ್ತ ಮೇಷ್ಟರ ಪಿಂಚಣಿ, ಅಡಿಕೆ ಮಾರಿದ ಒಕ್ಕಲಿನ ದುಡ್ಡು ಎಲ್ಲದರ ಬೀಗದ ಕೈಯೂ ಇಂದು ಆ ಆರು ಅಂಕಿಗಳಲ್ಲಿದೆ. ಹಿಂದೆ ಕಳ್ಳ ಬಂದರೆ ನಾಯಿಯಾದರೂ ಬೊಗಳುತ್ತಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಿರಾಶೆಯ ಮಾತಾದೀತು. 2024ರ ಮಾರ್ಚ್ 29ರಂದು ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳನ್ನು ಹೊಗಬಹುದಾಗಿದ್ದ ಒಂದು ಹಿತ್ತಿಲ ಬಾಗಿಲು ಬಯಲಾಯಿತು. 'ಎಕ್ಸ್‌ಝಡ್' ಎಂಬ ಪುಟ್ಟ ತಂತ್ರಾಂಶ. ಅದನ್ನು ಪುಕ್ಕಟೆಯಾಗಿ ನೋಡಿಕೊಳ್ಳುತ್ತಿದ್ದವರಿಗೆ ಜಿಯಾ ತಾನ್ ಎಂಬ ಹೆಸರಿನ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡಿ, ನಂಬುಗೆ ಗಳಿಸಿ, ಕೊನೆಗೆ ಕೇಡನ್ನು ಸೇರಿಸಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತಮ್ಮ ಯಂತ್ರದ ಪ್ರವೇಶ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎನ್ನಿಸಿತು. ಬೇರೊಬ್ಬರಾದರೆ ಹೋಗಲಿ ಎಂದು ಬಿಡುತ್ತಿದ್ದರು. ಅವರು ಬಿಡಲಿಲ್ಲ, ಎಳೆ ಹಿಡಿದು ಹೋಗಿ ಬೇರನ್ನು ಕಿತ್ತರು. ಕೇಡು ಎಲ್ಲೆಡೆ ಹರಡುವ ಮೊದಲೇ ಕೊನೆಯಾಯಿತು.

ಚಿತ್ರದುರ್ಗದ ಓಬವ್ವನ ಕಥೆ ಇದಕ್ಕಿಂತ ಬೇರೆಯೇ? ಕಾವಲಿನ ಗಂಡ ಉಣ್ಣಲು ಕುಳಿತಿದ್ದ. ಆಕೆ ನೀರಿಗೆಂದು ಹೋದವಳು. ಹೈದರಾಲಿಯ ಸೈನ್ಯ ಕಿಂಡಿಯೊಂದನ್ನು ಕಂಡುಕೊಂಡಿತ್ತು. ಕಿಂಡಿಯಲ್ಲಿ ಸದ್ದಾದುದನ್ನು ಆಕೆ ಕೇಳಿಸಿಕೊಂಡಳು. ಆಯುಧವೆಂದರೆ ಒನಕೆ. ಒನಕೆಯನ್ನು ನಾವು ಹಾಡಿ ಹೊಗಳುತ್ತೇವೆ. ಮೊದಲು ಕೆಲಸ ಮಾಡಿದ್ದು ಆಕೆಯ ಕಿವಿ ಎಂಬುದನ್ನು ಮರೆಯುತ್ತೇವೆ. ಅರಗಿನ ಮನೆಯಲ್ಲಿ ಧರ್ಮರಾಯನನ್ನು ಉಳಿಸಿದ್ದೂ ವಿದುರನ ಎಚ್ಚರಿಕೆ ಮತ್ತು ಗೋಡೆಯಿಂದ ಬಂದ ತುಪ್ಪದ ವಾಸನೆ. ನಮ್ಮ ಹುಡುಗರಿಗೆ ಯಂತ್ರವನ್ನು ಬಳಸಲು ಕಲಿಸಿದ್ದೇವೆ. ಕೇಳದೆ ಬಂದ ಕಡತವನ್ನು ತೆರೆಯುವ ಮುನ್ನ, ಅಪ್ಪಣೆ ಬೇಡುವ ಆ್ಯಪಿಗೆ ಹೂಂ ಎನ್ನುವ ಮುನ್ನ, ನೀನು ಯಾರು, ನಿನಗೆ ಇದೇಕೆ ಬೇಕು ಎಂದು ಅಂಗಳದಲ್ಲೇ ನಿಲ್ಲಿಸಿ ಕೇಳುವ ಹಳೆಯ ಮರ್ಯಾದೆಯನ್ನೂ ಅವರಿಗೆ ಕಲಿಸಬೇಕು. ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ ಅದನ್ನು ತಿಳಿಸಿ ಹೇಳುವವರೂ ಆ ಹುಡುಗರೇ ಆಗಬೇಕು.