ಶಾಲೆಯ ಕೀಲಿಕೈ ಯಾರ ಕೈಯಲ್ಲಿರಬೇಕು?



ನಿಮ್ಮ ಊರಿನ ಸರ್ಕಾರಿ ಶಾಲೆಯನ್ನು ಸಂಜೆ ಆರು ಗಂಟೆಯ ಹೊತ್ತಿಗೆ ಒಮ್ಮೆ ನೋಡಿ ಬನ್ನಿ. ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಒಳಗೆ ನಾಲ್ಕಾರು ಕೋಣೆ, ಒಂದು ವರಾಂಡ, ಮುಂದೆ ಬಯಲು, ಬಯಲಿನಲ್ಲಿ ಧ್ವಜದ ಕಂಬ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಇಷ್ಟು ದೊಡ್ಡ ಪಕ್ಕಾ ಕಟ್ಟಡ ಇನ್ನೊಂದಿಲ್ಲ. ಅದೇ ಹೊತ್ತಿಗೆ ಊರಿನ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಯಾರದೋ ಮನೆಯ ಪಡಸಾಲೆಯಲ್ಲಿ ಕುಳಿತು ಉಳಿತಾಯದ ಲೆಕ್ಕ ಬರೆಯುತ್ತಿರಬಹುದು. ನಾಟಕದ ತಾಲೀಮಿಗೆ ಜಾಗ ಸಿಗದ ಹುಡುಗರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಾತು ಒಪ್ಪಿಸುತ್ತಿರಬಹುದು.

ಹಾಗಾದರೆ ಆ ಬೀಗವನ್ನು ತೆಗೆಯಬಾರದೇ? ತೆಗೆಯುವುದಾದರೆ ಯಾರಿಗೆ ತೆಗೆಯಬೇಕು, ಯಾರಿಗೆ ಬೇಡವೆನ್ನಬೇಕು? ನೋಡಲು ಚಿಕ್ಕ ಪ್ರಶ್ನೆ. ಆದರೆ ಇದೇ ಪ್ರಶ್ನೆ 2025ರಲ್ಲಿ ಕರ್ನಾಟಕದ ಸಚಿವ ಸಂಪುಟದಿಂದ ಹೈಕೋರ್ಟಿನವರೆಗೆ ಹೋಯಿತು. ಕಲಬುರಗಿ ಜಿಲ್ಲೆಯ ಮಟ್ಟಿಗಂತೂ ಈ ಪ್ರಶ್ನೆಗೆ ನೂರು ವರ್ಷಗಳ ಹಿನ್ನೆಲೆಯಿದೆ. ಆ ಹಿನ್ನೆಲೆಯನ್ನು ಅರಿತರೆ ಇಂದಿನ ವಾದವೂ ಸುಲಭವಾಗಿ ಅರ್ಥವಾಗುತ್ತದೆ.

ಆಗಲೇ ತೆರೆದಿರುವ ಬಾಗಿಲು

ಶಾಲೆಯ ಕಟ್ಟಡ ಪಾಠಕ್ಕೆ ಮಾತ್ರ ಎಂದು ನಾವು ಹೇಳುತ್ತೇವೆ. ವಾಸ್ತವದಲ್ಲಿ ಎಂದೂ ಹಾಗೆ ನಡೆದಿಲ್ಲ. ಚುನಾವಣೆ ಬಂದರೆ ಶಾಲೆಯೇ ಮತಗಟ್ಟೆ. ಮತಗಟ್ಟೆಗೆ ಬೇಕಾದ ಕಟ್ಟಡವನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯುವ ಅಧಿಕಾರವನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯೇ ಸರ್ಕಾರಕ್ಕೆ ಕೊಟ್ಟಿದೆ. ಭೀಮಾ ನದಿ ಉಕ್ಕಿದರೆ ಶಾಲೆಯೇ ಆಸರೆ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ನುಗ್ಗಿದಾಗ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಜನ ಕಾಳಜಿ ಕೇಂದ್ರಗಳಲ್ಲಿ ದಿನ ಕಳೆದರು. ಇಂಥ ಕೇಂದ್ರಗಳಿಗೆ ಮೊದಲು ನೆನಪಾಗುವ ಸ್ಥಳ ಶಾಲೆ. 2020ರ ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ಹಿಂದಿರುಗಿದ ಕೂಲಿಕಾರ್ಮಿಕರನ್ನು ಕ್ವಾರಂಟೈನ್‌ನಲ್ಲಿ ಇರಿಸಿದ್ದೂ ಈ ಜಿಲ್ಲೆಯ ಶಾಲೆ, ವಸತಿನಿಲಯಗಳಲ್ಲಿಯೇ.

ಆಗ "ಶಾಲೆ ಪಾಠಕ್ಕೆ ಮಾತ್ರ" ಎಂದು ಯಾರೂ ತಕರಾರು ತೆಗೆಯಲಿಲ್ಲ. ಮತದಾನವೂ ಪ್ರವಾಹವೂ ಇಡೀ ಊರಿಗೆ ಸಂಬಂಧಿಸಿದ್ದು. ತಕರಾರು ಹುಟ್ಟುವುದು ಊರಿನ ಕೆಲವರು ಮಾತ್ರ ಬಾಗಿಲು ತೆಗೆಯಿರೆಂದು ಕೇಳಿದಾಗ. ಯುವಕ ಸಂಘವಿರಬಹುದು, ಭಜನಾ ಮಂಡಳಿ ಇರಬಹುದು, ರೈತ ಸಂಘವಿರಬಹುದು, ರಾಷ್ಟ್ರೀಯ ಸ್ವಯಂಸೇವಕ ಸಂಘದ ಶಾಖೆಯಿರಬಹುದು, ದಲಿತ ಸಂಘಟನೆಯ ಸಭೆಯಿರಬಹುದು. ಆಗ ಯಾರಾದರೂ ಒಬ್ಬರು ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ.

ನಿಜಾಮರ ಕಾಲದ ಅನುಮತಿ

ಈ ಮೂರೂ ತಾಲ್ಲೂಕುಗಳು 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಆ ಸಂಸ್ಥಾನದಲ್ಲಿ ಸಭೆ ಸೇರುವುದು ಸುಲಭವಾಗಿರಲಿಲ್ಲ. 1920ರ ದಶಕದಲ್ಲಿ ಹೊರಬಿದ್ದ ಒಂದು ಸುತ್ತೋಲೆ "ಗಸ್ತಿ ನಿಶಾನ್ 53" ಎಂದೇ ಹೆಸರಾಯಿತು. ಅದರ ಪ್ರಕಾರ ಸಾರ್ವಜನಿಕ ಸಭೆ ನಡೆಸಲು ಮುಂಚಿತವಾಗಿ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಅದೇ ದಶಕದಲ್ಲಿ ಖಾಸಗಿ ಶಾಲೆ ತೆರೆಯುವುದಕ್ಕೂ ಅನುಮತಿ ಬೇಕೆಂಬ ನಿಯಮ ಬಂತು. ಸರ್ಕಾರಿ ಶಾಲೆಗಳ ಮೇಲಿನ ತರಗತಿಗಳಲ್ಲಿ ಬೋಧನೆ ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡ, ಮರಾಠಿ, ತೆಲುಗು ಮನೆಮಾತಿನ ಜನ ತಮ್ಮ ಭಾಷೆಯಲ್ಲಿ ಮಕ್ಕಳಿಗೆ ಕಲಿಸಲು ತಾವೇ ಶಾಲೆ ಕಟ್ಟಲು ಹೊರಟರೆ ಅಲ್ಲಿಯೂ ಅನುಮತಿಯ ಬಾಗಿಲು ಎದುರಾಗುತ್ತಿತ್ತು.

ಜನ ಸುಮ್ಮನಿರಲಿಲ್ಲ. ಕಲಬುರಗಿಯಲ್ಲಿ 1907ರಲ್ಲಿಯೇ ಆರಂಭವಾಗಿದ್ದ ನೂತನ ವಿದ್ಯಾಲಯದಂಥ ಸಂಸ್ಥೆಗಳು ಪಾಠದ ಜೊತೆಗೆ ಸಾರ್ವಜನಿಕ ಜೀವನದ ತರಬೇತಿಯನ್ನೂ ಕೊಟ್ಟವು. ರಾಜಕೀಯ ಸಭೆ ಕಷ್ಟವಾದ ಕಡೆ ಗ್ರಂಥಾಲಯ, ಸಾಹಿತ್ಯ ಸಂಘ, ಗಣೇಶೋತ್ಸವಗಳೇ ಜನ ಕೂಡುವ ನೆಪಗಳಾದವು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆದದ್ದು ಇದೇ ವಾತಾವರಣದಲ್ಲಿ. ಇತ್ತ 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ವಿಧ್ಯುಕ್ತವಾಗಿ ಸ್ಥಾಪನೆಯಾಗುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಆ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಅದಕ್ಕೂ ಮುಂಚೆ ಹಿಪ್ಪರಗಿಯ ರಾಷ್ಟ್ರೀಯ ಶಾಲೆಯಲ್ಲಿ ಮೇಷ್ಟರಾಗಿದ್ದವರು ಎಂಬುದನ್ನು ಗಮನಿಸಿ.

ಇಲ್ಲಿ ನಾವು ಕಲಿಯುವ ಪಾಠವೇನು? ಅನುಮತಿ ಕೇಳುವುದರಲ್ಲಿಯೇ ದೋಷವಿತ್ತೆಂದು ಹೇಳಲಾಗದು. ಅನುಮತಿ ಕೊಡುವವನು ಯಾವ ಕಾರಣಕ್ಕೆ ಕೊಡುತ್ತಾನೆ, ಯಾವ ಕಾರಣಕ್ಕೆ ತಡೆಯುತ್ತಾನೆ ಎಂದು ಕೇಳುವ ಹಕ್ಕು ಪ್ರಜೆಗೆ ಇರಲಿಲ್ಲ. ದೋಷವಿದ್ದದ್ದು ಅಲ್ಲಿ.

ಎರಡು ತೀರ್ಪುಗಳು

ಸ್ವತಂತ್ರ ಭಾರತದ ಸಂವಿಧಾನ 19ನೇ ವಿಧಿಯಲ್ಲಿ ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಪ್ರಜೆಗಳಿಗೆ ಕೊಟ್ಟಿತು. ಸಾರ್ವಜನಿಕ ಸುವ್ಯವಸ್ಥೆಗಾಗಿ ಆ ಹಕ್ಕಿನ ಮೇಲೆ ನ್ಯಾಯಸಮ್ಮತ ನಿರ್ಬಂಧ ಹಾಕಬಹುದೆಂದೂ ಹೇಳಿತು. ಆದರೆ ಸರ್ಕಾರದ್ದೇ ಆದ ಕಟ್ಟಡದೊಳಗೆ ಸಭೆ ಸೇರುವ ಹಕ್ಕಿದೆಯೇ?

1969ರಲ್ಲಿ ರೈಲ್ವೆ ಆವರಣದೊಳಗಿನ ಸಭೆಗಳನ್ನು ಕುರಿತ ನಿರಂಜನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಸಭೆ ಸೇರುವ ಹಕ್ಕೆಂದರೆ ಇನ್ನೊಬ್ಬರ ಸ್ವತ್ತಿನಲ್ಲಿ ಬೇಕಾದಾಗ ಸೇರುವ ಹಕ್ಕಲ್ಲ. ಸ್ವತ್ತು ಸರ್ಕಾರದ್ದಾಗಿದ್ದರೂ ಅದರ ಬಳಕೆಯನ್ನು ನಿಯಂತ್ರಿಸಬಹುದು. ಶಾಲೆಗೂ ಈ ಮಾತನ್ನು ಅನ್ವಯಿಸಿ ನೋಡಬಹುದು. ಪಾಠ ನಡೆಯುವಾಗ ಕೋಣೆ ಕೊಡಿ ಎಂದು ಯಾವ ಸಂಘವೂ ಹಟ ಹಿಡಿಯುವಂತಿಲ್ಲ.

ಮೂರು ವರ್ಷಗಳ ನಂತರ, 1972ರಲ್ಲಿ, ಅಹಮದಾಬಾದಿನ ಹಿಮತ್‌ಲಾಲ್ ಶಾ ಮೊಕದ್ದಮೆಯಲ್ಲಿ ನಾಣ್ಯದ ಇನ್ನೊಂದು ಮುಖ ಕಾಣಿಸಿತು. ಸಾರ್ವಜನಿಕ ರಸ್ತೆಯಲ್ಲಿ ಸಭೆ ನಡೆಸಲು ಪೊಲೀಸರ ಅನುಮತಿ ಬೇಕೆಂಬ ನಿಯಮವಿತ್ತು. ಯಾವ ಕಾರಣಕ್ಕೆ ನಿರಾಕರಿಸಬಹುದು ಎಂಬ ಮಾರ್ಗದರ್ಶನ ಅದರಲ್ಲಿ ಇರಲಿಲ್ಲ. ಸಭೆಗಳನ್ನು ನಿಯಂತ್ರಿಸುವುದು ಸರಿ, ಆದರೆ ಅಧಿಕಾರಿಯ ಇಷ್ಟಾನಿಷ್ಟಕ್ಕೆ ಎಲ್ಲವನ್ನೂ ಬಿಡುವ ನಿಯಮ ನಿಲ್ಲದು ಎಂದು ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು.

ಗಸ್ತಿ 53ರ ನೆನಪಿರುವ ಜಿಲ್ಲೆಯವರಿಗೆ ಈ ಎರಡನೆಯ ತೀರ್ಪು ವಿಶೇಷವಾಗಿ ಹತ್ತಿರವೆನಿಸಬೇಕು.

2013 ಮತ್ತು 2025

ಈಗ ನಮ್ಮ ರಾಜ್ಯಕ್ಕೆ ಬರೋಣ. 2013ರ ಫೆಬ್ರುವರಿಯಲ್ಲಿ ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿದ್ದಾಗ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಶಾಲೆಗಳ ಆವರಣ, ಆಟದ ಮೈದಾನಗಳನ್ನು ಶೈಕ್ಷಣಿಕ ಉದ್ದೇಶಕ್ಕೆ ಬಿಟ್ಟು ಬೇರೆಯದಕ್ಕೆ ಕೊಡಬಾರದು ಎಂಬುದು ಅದರ ಸಾರ. ಹನ್ನೆರಡು ವರ್ಷಗಳ ನಂತರ, 2025ರ ಅಕ್ಟೋಬರ್ 4ರಂದು, ಕಲಬುರಗಿ ಜಿಲ್ಲೆಯವರೇ ಆದ ಸಚಿವ ಪ್ರಿಯಾಂಕ್ ಖರ್ಗೆ ಅವರು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಪತ್ರ ಬರೆದರು. ಸರ್ಕಾರಿ ಶಾಲೆ, ಮೈದಾನಗಳಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಚಟುವಟಿಕೆಗಳನ್ನು ನಿಲ್ಲಿಸಬೇಕೆಂದು ಅವರು ಕೇಳಿದರು. ಆಗ ಸರ್ಕಾರ ನೆನಪಿಸಿದ್ದು ಅದೇ 2013ರ ಸುತ್ತೋಲೆಯನ್ನು.

ಅಕ್ಟೋಬರ್ 18ರಂದು ಆದೇಶ ಬಂತು. ಅದರಲ್ಲಿ ಯಾವ ಸಂಘಟನೆಯ ಹೆಸರೂ ಇರಲಿಲ್ಲ. ಸರ್ಕಾರಿ ಸ್ವತ್ತಿನಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಬೇಕಾದರೆ ಮುಂಚಿತ ಅನುಮತಿ ಬೇಕು ಎಂದಿತ್ತು. ಸಾರ್ವಜನಿಕ ಆಸ್ತಿಯ ರಕ್ಷಣೆಗಾಗಿ ಎಲ್ಲರಿಗೂ ಒಂದೇ ನಿಯಮ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ಒಂದು ಸಂಘಟನೆಯನ್ನು ಗುರಿಯಾಗಿಟ್ಟುಕೊಂಡು ಎಲ್ಲರ ಹಕ್ಕನ್ನೂ ಮೊಟಕುಗೊಳಿಸಲಾಗಿದೆ ಎಂದು ವಿರೋಧಿಗಳು ವಾದಿಸಿದರು. ಹುಬ್ಬಳ್ಳಿಯ ಸಂಸ್ಥೆಯೊಂದು ಹೂಡಿದ ಅರ್ಜಿಯ ಮೇಲೆ ಹೈಕೋರ್ಟಿನ ಧಾರವಾಡ ಪೀಠ ಅಕ್ಟೋಬರ್ 28ರಂದು ಆದೇಶಕ್ಕೆ ಮಧ್ಯಂತರ ತಡೆ ನೀಡಿತು. ಅದರ ವಿರುದ್ಧ ಸರ್ಕಾರ ಸಲ್ಲಿಸಿದ ಮೇಲ್ಮನವಿಯನ್ನು ನವೆಂಬರ್ 6ರಂದು ವಿಭಾಗೀಯ ಪೀಠ ತಳ್ಳಿಹಾಕಿತು.

ಬೇರೆ ಬೇರೆ ಪಕ್ಷಗಳ ಎರಡು ಸರ್ಕಾರಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನ ಆದೇಶ ಹೊರಡಿಸಿದ್ದವು. ಒಮ್ಮೆ ಅದು ಕಡತದಲ್ಲಿ ತಣ್ಣಗೆ ಮಲಗಿತು, ಇನ್ನೊಮ್ಮೆ ರಾಜ್ಯವೇ ಬಿಸಿಯಾಯಿತು. ನಿಯಮವನ್ನು ಜನ ಅದರ ಅಕ್ಷರದಿಂದ ಮಾತ್ರ ಅಳೆಯುವುದಿಲ್ಲ, ಅದು ಯಾರ ಕಡೆ ನೋಡಿ ಬಂದಿದೆ ಎಂಬುದನ್ನೂ ಗಮನಿಸುತ್ತಾರೆ.

ದೂರದ ದೇಶದ ಅನುಭವ

ಈ ತೊಡಕು ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ 1907ರಲ್ಲಿ ಎಡ್ವರ್ಡ್ ವಾರ್ಡ್ ಎಂಬವರ ನೇತೃತ್ವದಲ್ಲಿ ಸರ್ಕಾರಿ ಶಾಲೆಗಳ ಬಾಗಿಲನ್ನು ಸಂಜೆ ಊರವರಿಗೆ ತೆರೆದರು. ಚರ್ಚಾಕೂಟ, ವ್ಯಾಯಾಮ, ವಾಚನಾಲಯ ಎಲ್ಲವೂ ಅಲ್ಲಿ ನಡೆದವು. ಜನ ಸೇರಿದ ಮೇಲೆ ರಾಜಕೀಯದ ಮಾತೂ ಬಂತು. ಅದು ನಗರದ ಬಲಾಢ್ಯರಿಗೆ ಹಿಡಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಪ್ರಯೋಗ ನಿಂತುಹೋಯಿತು.

ಅದೇ ರಾಜ್ಯದ ಮಿಲ್ಫರ್ಡ್ ಎಂಬಲ್ಲಿ ಶಾಲೆಯನ್ನು ಇತರ ಸಂಘಗಳಿಗೆ ಕೊಡುತ್ತಿದ್ದರೂ ಮಕ್ಕಳ ಕ್ರೈಸ್ತ ಕೂಟವೊಂದಕ್ಕೆ ನಿರಾಕರಿಸಿದರು. 2001ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಒಮ್ಮೆ ಎಲ್ಲರಿಗೂ ಬಾಗಿಲು ತೆರೆದ ಮೇಲೆ ಒಬ್ಬರ ದೃಷ್ಟಿಕೋನ ನೋಡಿ ಮುಚ್ಚುವಂತಿಲ್ಲ ಎಂದಿತು. ತೀರ್ಪು ಸರ್ವಾನುಮತದ್ದಾಗಿರಲಿಲ್ಲ. ನಮ್ಮಲ್ಲಿ ಈ ಪ್ರಶ್ನೆಗೆ ಇನ್ನೊಂದು ಎಳೆಯೂ ಸೇರುತ್ತದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದೆಂದು ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ.

ಬೇರೆ ಸೂರಿಲ್ಲದವರು

ಇಷ್ಟಾದ ಮೇಲೆ "ಯಾರಿಗೂ ಕೊಡುವುದು ಬೇಡ, ಜಗಳವೇ ಇರದು" ಎಂದು ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಹಳ್ಳಿಯನ್ನು ಮನಸ್ಸಿನಲ್ಲಿ ಒಮ್ಮೆ ಸುತ್ತಿ ಬನ್ನಿ. ಮಠವಿದ್ದವರು ಮಠದಲ್ಲಿ ಸೇರುತ್ತಾರೆ. ಗುಡಿಯವರು ಗುಡಿಯಲ್ಲಿ, ಮಸೀದಿಯವರು ಮಸೀದಿಯಲ್ಲಿ ಸೇರುತ್ತಾರೆ. ಹಣವಿದ್ದವರು ಕಲ್ಯಾಣಮಂಟಪ ಹಿಡಿಯುತ್ತಾರೆ. ಇವೊಂದೂ ಇಲ್ಲದವರಿಗೆ ಉಳಿಯುವುದು ಶಾಲೆ. ಕೆಲವರಿಗೆ ಗುಡಿಯ ಕಟ್ಟೆಯ ಮೇಲೆ ಕೂಡಲೂ ಅವಕಾಶವಿರದ ಊರುಗಳಲ್ಲಿ ಜಾತಿ ಕೇಳದೆ ಒಳಗೆ ಬಿಟ್ಟುಕೊಳ್ಳಬೇಕಾದ ಸೂರು ಅದು. ಬೀಗ ಹಾಕಿದರೆ ಕಾಗದದ ಮೇಲೆ ಎಲ್ಲರಿಗೂ ಸಮನಾದ ನಷ್ಟ. ಊರಿನಲ್ಲಿ ನಷ್ಟವಾಗುವುದು ಅವರಿಗೆ ಮಾತ್ರ.

ಹಾಗೆಂದು ನಿಯಮವಿಲ್ಲದೆ ತೆರೆದಿಟ್ಟರೆ ಬಲವಿದ್ದವರು ಮೊದಲು ಬಂದು ಕೂಡುತ್ತಾರೆ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಭೀಮಾ ತೀರದ ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮ ತಂಡ ಎರಡು ದಿನ ಚಿತ್ರೀಕರಣ ನಡೆಸಿತು. ಬೆಂಚುಗಳನ್ನು ಹೊರಗೆ ಹಾಕಿದೆವು, ಗೋಡೆಗೆ ದೀಪದ ವೈರು ಕಟ್ಟಿದೆವು. ಹೊರಡುವ ಅವಸರದಲ್ಲಿ ಬೆಂಚುಗಳನ್ನು ಹಾಗೆಯೇ ಬಿಟ್ಟೆವು. ಮಕ್ಕಳು ಬರೆದು ಅಂಟಿಸಿದ್ದ ಒಂದು ನಕಾಶೆಯೂ ಹರಿದಿತ್ತು. ಆಮೇಲೆ ಫೋನಿನಲ್ಲಿ ಕ್ಷಮೆ ಕೇಳಿದಾಗ ಮುಖ್ಯಗುರುಗಳು, "ಇರಲಿ ಬಿಡ್ರಿ ಸರ್, ನೀವು ಸರ್ಕಾರಿ ಕಾಗದ ತಂದಿದ್ರಿ, ನಾವೇನ್ ಅನ್ನಾಕ ಬರ್ತದ" ಎಂದರು. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ನಮ್ಮ ಬಳಿ ಅನುಮತಿ ಇತ್ತು. ಆದರೆ ಸೋಮವಾರ ಬೆಳಿಗ್ಗೆ ಬೆಂಚು ಹೊತ್ತವರು ಐದನೇ ಇಯತ್ತೆಯ ಮಕ್ಕಳು.

ಒಂದು ಸಣ್ಣ ಪ್ರಯೋಗ

ನಾನು ಓದಿದ್ದು ವಿಜ್ಞಾನ. ಪ್ರಯೋಗಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಶಿಸ್ತು ಇದು: ಒಂದು ಅಂಶವನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೆಯೇ ಇಡು, ಫಲಿತಾಂಶ ಬದಲಾಯಿತೇ ನೋಡು. ಶಾಲೆಯ ಬಾಗಿಲಿಗೂ ಇದನ್ನು ಪ್ರಯೋಗಿಸಿ. ಒಂದು ಅರ್ಜಿ ಬರೆಯಿರಿ: ಭಾನುವಾರ ಸಂಜೆ, ಎರಡು ಗಂಟೆ, ಮೂವತ್ತು ಜನ, ಧ್ವನಿವರ್ಧಕವಿಲ್ಲ, ಕೋಣೆ ಗುಡಿಸಿ ಕೊಡುತ್ತೇವೆ. ಈಗ ಅರ್ಜಿದಾರರ ಹೆಸರನ್ನು ಮಾತ್ರ ಬದಲಿಸುತ್ತಾ ಹೋಗಿ. ನಿಮಗೆ ಇಷ್ಟವಾದ ಸಂಘ, ಇಷ್ಟವಿಲ್ಲದ ಸಂಘ, ನಿಮ್ಮ ಜಾತಿಯವರು, ಬೇರೆ ಜಾತಿಯವರು. ಹೆಸರು ಬದಲಾದಂತೆ ಉತ್ತರವೂ ಬದಲಾದರೆ ಅಲ್ಲಿ ನಿಯಮವಿಲ್ಲ, ಬರೀ ಮರ್ಜಿ ಇದೆ. ಕೊಡುವವರು ಯಾವ ಪಕ್ಷದವರಾದರೂ ಅದು ಗಸ್ತಿ 53ರ ಮರಿಯೇ.

ನನ್ನ ಅಭಿಪ್ರಾಯ ಇಷ್ಟು. ಪಾಠದ ಹೊತ್ತು, ಪರೀಕ್ಷೆಯ ಹೊತ್ತು ಮಕ್ಕಳದ್ದು, ಅದಕ್ಕೆ ಯಾರೂ ಕೈ ಹಾಕಬಾರದು. ಉಳಿದ ಹೊತ್ತಿನಲ್ಲಿ ಶಾಲೆ ಊರಿಗೆ ಸಿಗಬೇಕು. ಷರತ್ತುಗಳು ಮುಂಚೆಯೇ ಬರೆದಿಟ್ಟು ಗೋಡೆಗೆ ಅಂಟಿಸಿದಂತಿರಬೇಕು. ಬೇಡವೆಂದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಮೇಲಿನವರನ್ನು ಕೇಳಲು ಅವಕಾಶವಿರಬೇಕು. ಬಳಸಿದವರು ಇದ್ದದ್ದು ಇದ್ದಂತೆ ಬಿಟ್ಟು ಹೋಗಬೇಕು.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಎಸ್‌ಡಿಎಂಸಿ ಎಂದು ನೀವು ಕೇಳಿರುತ್ತೀರಿ. ಅದರಲ್ಲಿರುವವರು ನಿಮ್ಮ ಅಪ್ಪ, ಅವ್ವ, ಕಾಕಾ, ಅತ್ತೆಯಂಥವರೇ. ಮುಂದಿನ ಸಭೆ ಯಾವಾಗ ಎಂದು ಅವರನ್ನು ಕೇಳಿ. ಸಂಜೆ ಆರರ ನಂತರ ನಮ್ಮ ಶಾಲೆಯ ಕೀಲಿಕೈ ಯಾರ ಬಳಿ ಇರುತ್ತದೆ, ಅವರು ಯಾವ ನಿಯಮದಂತೆ ಬಾಗಿಲು ತೆಗೆಯುತ್ತಾರೆ ಎಂದು ಕೇಳಿ. ಉತ್ತರ ಬರಹದಲ್ಲಿ ಸಿಕ್ಕಿತೇ, ಬಾಯಿಮಾತಿನಲ್ಲಿ ಸಿಕ್ಕಿತೇ ಎಂಬುದನ್ನೂ ಗುರುತು ಹಾಕಿಕೊಳ್ಳಿ.