ಉರುಳು, ಮೊಲ ಮತ್ತು ಒಂದು ಹಳೆಯ ಪ್ರಶ್ನೆ

ಹಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ ಇಂಗ್ಲೆಂಡಿನ ಇತಿಹಾಸವನ್ನು ಪಾಠ ಮಾಡುತ್ತಿದ್ದೆ. ಅಲ್ಲಿನ ಹಳೆಯ ಕಾನೂನುಗಳು ಎಷ್ಟು ಕಠೋರವಾಗಿದ್ದವು ಎಂಬುದಕ್ಕೆ ಉದಾಹರಣೆಯಾಗಿ, ರಾತ್ರಿ ಹೊತ್ತು ಉರುಳು ಹಾಕಿ ಮೊಲ ಹಿಡಿದವನನ್ನು ಕಡಲಾಚೆಗೆ ಗಡೀಪಾರು ಮಾಡಬಹುದಾಗಿತ್ತು ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಹೊಲ ಅವನದ್ದೇ ಆಗಿದ್ರೆ?" ಎಂದು ಕೇಳಿದ. ಅವನು ಬೇಸಾಯಗಾರರ ಮನೆಯ ಹುಡುಗ. "ಹೊಲ ಅವನದಾದರೆ ಯಾರು ಕೇಳುತ್ತಾರೆ, ಕೂತುಕೋ" ಎಂದು, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ಗದರಿಸಿ ಕೂರಿಸಿದೆ. ನನ್ನ ಉತ್ತರ ತಪ್ಪಾಗಿತ್ತು. ನಿವೃತ್ತಿಯ ನಂತರ ಈ ವಿಷಯವನ್ನು ನಿಧಾನವಾಗಿ ಓದಿದಾಗ ಅದು ತಿಳಿಯಿತು. ಸಾಲವನ್ನು ಬಡ್ಡಿಸಮೇತ ತೀರಿಸುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಸ್ಪಷ್ಟೀಕರಣ. ನಾವು ಕನ್ನಡದಲ್ಲಿ ಮೊಲವೆಂದು ಕರೆಯುವ ನಮ್ಮ ಹೊಲಗಳ ಪ್ರಾಣಿ ಬೇರೆ, ಇಂಗ್ಲೆಂಡಿನ ರ‍್ಯಾಬಿಟ್ ಬೇರೆ. ನಮ್ಮದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತಗ್ಗು ಮಾಡಿಕೊಂಡು ಒಂಟಿಯಾಗಿ ಮಲಗುತ್ತದೆ, ಅದರ ಮರಿ ಕಣ್ಣು ತೆರೆದೇ ಹುಟ್ಟುತ್ತದೆ. ರ‍್ಯಾಬಿಟ್ ನೆಲದೊಳಗೆ ಬಿಲಗಳ ಜಾಲವನ್ನೇ ತೋಡಿ ಗುಂಪಾಗಿ ಬಾಳುತ್ತದೆ. ಗರ್ಭ ಧರಿಸಿದ ಸುಮಾರು 30 ದಿನಕ್ಕೆ ಮರಿ ಹಾಕುತ್ತದೆ. ಆ ಮರಿಗಳೂ ಕೆಲವೇ ತಿಂಗಳುಗಳಲ್ಲಿ ತಾಯಂದಿರಾಗುತ್ತವೆ. ಬೆಳೆಯ ಅಂಚಿನಲ್ಲಿ ಇಂಥ ಒಂದು ಸಂಸಾರ ನೆಲೆಸಿತೆಂದರೆ ಗೋಧಿಯ ಪೈರಿನ ಗತಿ ಏನಾದೀತೆಂದು ಬೇಸಾಯ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ನಾನೂ ಮೊಲವೆಂದೇ ಬರೆಯುತ್ತೇನೆ.

ಇಂಗ್ಲೆಂಡಿಗೆ ಈ ಮೊಲವನ್ನು ತಂದು ನೆಲೆಗೊಳಿಸಿದವರು ನಾರ್ಮನ್ನರು. ಮಧ್ಯಯುಗದಲ್ಲಿ ಅದರ ಮಾಂಸ ಮತ್ತು ತುಪ್ಪಳ ಸಿರಿವಂತರ ಸೊತ್ತು. ಮಣ್ಣಿನ ದಿಬ್ಬಗಳನ್ನು ಕಟ್ಟಿ, ಕಾವಲಿಟ್ಟು ಸಾಕುತ್ತಿದ್ದರು. ಹಾಗೆ ಸಾಕಿದ್ದು ತಪ್ಪಿಸಿಕೊಂಡು ಬಡವನ ಪೈರಿಗೆ ಬಂದಾಗಲೂ ಒಡೆಯನ ಸೊತ್ತೆಂಬ ಭಾವನೆ ಹೋಗಲಿಲ್ಲ. 1671ರ ಬೇಟೆ ಕಾಯ್ದೆಯು ವರ್ಷಕ್ಕೆ 100 ಪೌಂಡ್ ಆದಾಯ ತರುವ ಸ್ವಂತ ಭೂಮಿ ಇಲ್ಲದವರಿಗೆ ಬೇಟೆಯ ಹಕ್ಕನ್ನು ನಿರಾಕರಿಸಿತು (ದೀರ್ಘಾವಧಿ ಗುತ್ತಿಗೆದಾರರಿಗೆ ಇನ್ನೂ ಹೆಚ್ಚಿನ ಮಿತಿ). ಅಂಥವರ ಮನೆಯಲ್ಲಿ ಬಲೆ, ಉರುಳು ಸಿಕ್ಕರೆ ಒಡೆಯರ ಬೇಟೆಗಾವಲಿನವರು ಕಿತ್ತುಕೊಳ್ಳಬಹುದಿತ್ತು. 1723ರ ಕಾಯ್ದೆ ಇನ್ನೂ ಭಯಂಕರ. ಮುಖಕ್ಕೆ ಮಸಿ ಬಳಿದುಕೊಂಡು, ಆಯುಧ ಹಿಡಿದು ಮೊಲದ ದಿಬ್ಬಕ್ಕೆ ನುಗ್ಗಿ ಕದ್ದವನಿಗೆ ಮರಣದಂಡನೆ! ಅದು ಹೋದದ್ದು 1823ರಲ್ಲಿ.

ನಾನು ತರಗತಿಯಲ್ಲಿ ಹೇಳಿದ್ದು 1828ರ ಕಾಯ್ದೆಯ ವಿಷಯ. ರಾತ್ರಿ ಮೊಲ ಹಿಡಿದು ಮೊದಲ ಬಾರಿ ಸಿಕ್ಕವನಿಗೆ 3 ತಿಂಗಳವರೆಗೆ ಕಠಿಣ ಶಿಕ್ಷೆ, ಎರಡನೆಯ ಬಾರಿಗೆ 6 ತಿಂಗಳು, ಮೂರನೆಯ ಬಾರಿಗೆ 7 ವರ್ಷಗಳ ಗಡೀಪಾರು. ಹೊಲ ಅವನದ್ದೇ ಆಗಿದ್ದರೆ? ಅವನು ನಿಜವಾದ ಭೂಒಡೆಯನಾಗಿದ್ದರೆ ತೊಂದರೆಯಿರಲಿಲ್ಲ. ಆದರೆ ಅಲ್ಲಿನ ಬೇಸಾಯಗಾರರಲ್ಲಿ ಹೆಚ್ಚಿನವರು ಗೇಣಿದಾರರು. ಗೇಣಿ ಪತ್ರ ಬರೆಸುವಾಗಲೇ ಅನೇಕ ಒಡೆಯರು ಬೇಟೆಯ ಹಕ್ಕನ್ನು, ಮೊಲವನ್ನೂ ಸೇರಿಸಿ, ತಮಗೇ ಉಳಿಸಿಕೊಳ್ಳುತ್ತಿದ್ದರು. ಉತ್ತವನು, ಬಿತ್ತಿದವನು, ಗೇಣಿ ಕಟ್ಟಿದವನು ಇವನು. ಪೈರು ಮೇಯುವ ಮೊಲ ಮಾತ್ರ ಒಡೆಯನದು. ಆ ಹುಡುಗ ಕೇಳಿದ್ದು ಇದನ್ನೇ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ಅವನು ಹೊಲದಿಂದ ತಂದಿದ್ದ.

ಈ ಹೊಲದವರು ಉರುಳು ಹಾಕುವುದನ್ನು ಹೇಗೆ ಕಲಿತರು? ಬೇಟೆಯ ಪುಸ್ತಕಗಳಲ್ಲಿ ಓದುತ್ತಾ ನನಗೆ ನಮ್ಮ ದೊಡ್ಡಪ್ಪನವರು ಕಣ್ಣ ಮುಂದೆ ಬಂದರು. ನಾನು ಹತ್ತು ವರ್ಷದವನಿದ್ದಾಗ, ಮೊಲ ಹಿಡಿಯಬಾರದೆಂಬ ಕಾನೂನು ನಮ್ಮಲ್ಲಿ ಬರುವ ಮುಂಚೆ, ಅವರು ಅಲಸಂದೆ ಹೊಲದ ಬದುವಿನಲ್ಲಿ ಕತ್ತಾಳೆ ನಾರಿನ ಉರುಳು ಹಾಕುತ್ತಿದ್ದರು. ನನಗೂ ಒಂದು ಹುರಿ ಕೊಟ್ಟರು. ನಾನು ಕಂಡಲ್ಲೆಲ್ಲ ಉರುಳು ಒಡ್ಡಿದೆ. ಒಂದಕ್ಕೂ ಮೊಲ ಬೀಳಲಿಲ್ಲ. "ಅದು ಬರೋ ದಾರೀನೇ ನಿಂಗೆ ಕಾಣ್ದಿದ್ರೆ ಉರುಳು ಹಾಕಿ ಏನು ಬಂತು ಮಗಾ" ಎಂದು ನಕ್ಕರು.

ಇಂಗ್ಲೆಂಡಿನ ಹಳ್ಳಿಯ ಹುಡುಗನ ಮೊದಲ ಪಾಠವೂ ಅದೇ. ಮೊಲ ದಿನವೂ ಒಂದೇ ಜಾಡಿನಲ್ಲಿ ಓಡಾಡುತ್ತದೆ. ಆದರೆ ನಡೆಯುವುದಿಲ್ಲ, ಕುಪ್ಪಳಿಸುತ್ತದೆ. ಹೀಗಾಗಿ ಜಾಡಿನಲ್ಲಿ ಕಾಲೂರಿದ ಕಡೆ ಹುಲ್ಲು ತುಳಿದು ಚಪ್ಪಟೆಯಾಗಿರುತ್ತದೆ, ನಡುನಡುವೆ ಎದ್ದು ನಿಂತಿರುತ್ತದೆ. ಹೊಸಬ ಚಪ್ಪಟೆಯಾದ ಜಾಗಕ್ಕೆ ಉರುಳು ಹಾಕುತ್ತಾನೆ. ಬಲ್ಲವನು ಎರಡು ಹೆಜ್ಜೆಗಳ ನಡುವಿನ ಎದ್ದ ಹುಲ್ಲಿನ ಮೇಲೆ ಹಾಕುತ್ತಾನೆ, ಏಕೆಂದರೆ ಅಲ್ಲಿ ಪ್ರಾಣಿ ಗಾಳಿಯಲ್ಲಿರುತ್ತದೆ, ತಲೆ ಮುಂದಿರುತ್ತದೆ. ಹೊಸಬನ ಇನ್ನೊಂದು ತಪ್ಪು ಬಿಲದ ಬಾಯಿಗೇ ಉರುಳು ಒಡ್ಡುವುದು. ಬಿಲದ ಬಳಿ ಮೊಲ ನಿಧಾನ, ಎಚ್ಚರ. ಬೇಲಿಯಿಂದ ದೂರ ಬಂದ ಮೇಲೆಯೇ ಅದರ ಓಟ. ಹಿತ್ತಾಳೆಯ ತೆಳು ತಂತಿಗಳನ್ನು ಹೊಸೆದು, ಮುಷ್ಟಿ ತೂರುವಷ್ಟು ಕುಣಿಕೆ ಮಾಡಿ, ನೆಲದಿಂದ ನಾಲ್ಕು ಬೆರಳಿಗೂ ತುಸು ಮೇಲೆ ನಿಲ್ಲುವಂತೆ ಸೀಳುಕಡ್ಡಿಗೆ ಸಿಕ್ಕಿಸಿ, ತುದಿಯನ್ನು ಗೂಟಕ್ಕೆ ಬಿಗಿಯುತ್ತಿದ್ದರು. ಹೊಸ ತಂತಿಯ ಹೊಳಪು ಹೋಗಲೆಂದು ಮಣ್ಣಿನಲ್ಲಿ ಹೂತಿಡುತ್ತಿದ್ದರು. ಕೈಯ ವಾಸನೆ ಹೋಗಲು ಅಂಗೈಗೂ ಮಣ್ಣು. ಸಂಜೆ ಒಡ್ಡಿ, ನಸುಕಿನಲ್ಲೇ ಹೋಗಿ ನೋಡಬೇಕು. ತಡವಾದರೆ ನರಿ ಕೊಂಡೊಯ್ದಿರುತ್ತದೆ, ಇಲ್ಲವೇ ಪ್ರಾಣಿ ಗಂಟೆಗಟ್ಟಲೆ ನರಳಿರುತ್ತದೆ. ದೊಡ್ಡಪ್ಪನವರ ಉರುಳಿಗೆ ಬಿದ್ದ ಮೊಲ ಅರಚಿದ್ದನ್ನು ನಾನು ಒಮ್ಮೆ ಕೇಳಿದ್ದೇನೆ. ಮಗುವಿನ ದನಿಯಂತಿತ್ತು. ಮರುದಿನ ನನ್ನ ಹುರಿಯನ್ನು ಹಿಂದಿರುಗಿಸಿದೆ.

ಮತ್ತೆ ಚರಿತ್ರೆಗೆ ಬರೋಣ. 1879ರಲ್ಲಿ ಬ್ರಿಟನ್ನಿನಲ್ಲಿ ಬೆಳೆ ಘೋರವಾಗಿ ಕೈಕೊಟ್ಟಿತು. ಗೇಣಿದಾರರ ಕೂಗು ಪಾರ್ಲಿಮೆಂಟನ್ನು ಮುಟ್ಟಿತು. 1880ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರದ ಗೃಹಮಂತ್ರಿ ವಿಲಿಯಂ ಹಾರ್ಕೋರ್ಟ್ ಮಂಡಿಸಿದ ಮಸೂದೆಯೊಂದು ಕಾಯ್ದೆಯಾಯಿತು. ತಾನು ಉಳುವ ನೆಲದಲ್ಲಿ ಮೊಲವನ್ನು ಕೊಲ್ಲುವ ಹಕ್ಕು ಗೇಣಿದಾರನಿಗೆ ಸೇರಿತು. ಅದನ್ನು ಬಿಟ್ಟುಕೊಡುವೆನೆಂದು ಅವನೇ ಬರೆದುಕೊಟ್ಟರೂ ಆ ಬರಹ ಅಸಿಂಧು. ಈ ಕೊನೆಯ ಮಾತೇ ಕಾಯ್ದೆಯ ಜೀವಾಳ. ಒಡೆಯನ ಮುಂದೆ ಗೇಣಿದಾರ ಏನು ಬೇಕಾದರೂ ಬರೆದುಕೊಡುತ್ತಾನೆಂದು ಬಲ್ಲವರು ರಚಿಸಿದ ವಾಕ್ಯವದು. ಆದರೆ ನೆಲವೇ ಇಲ್ಲದ ಕೂಲಿಕಾರನಿಗೆ ಇದರಿಂದ ಏನೂ ದೊರೆಯಲಿಲ್ಲ. ಗೇಣಿದಾರನ ಉರುಳು ಬೆಳೆ ರಕ್ಷಣೆಯಾಯಿತು, ಕೂಲಿಯವನ ಉರುಳು ಕಳ್ಳತನವಾಗಿಯೇ ಉಳಿಯಿತು.

ಇತ್ತ ಗಡೀಪಾರಾದವರ ನಾಡಿನಲ್ಲೊಂದು ವಿಚಿತ್ರ ನಡೆದಿತ್ತು. 1859ರ ಕ್ರಿಸ್‌ಮಸ್ ಹೊತ್ತಿಗೆ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ತರಿಸಿಕೊಂಡ ಮೊಲಗಳು ಆಸ್ಟ್ರೇಲಿಯದ ಮೆಲ್ಬರ್ನ್ ತಲುಪಿದವು. ಕೆಲವೇ ದಶಕಗಳಲ್ಲಿ ಅವುಗಳ ಸಂತತಿ ಖಂಡದ ಬಹುಭಾಗವನ್ನು ಆವರಿಸಿತು. 1883ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಮೊಲಗಳ ನಾಶಕ್ಕಾಗಿಯೇ ಕಾಯ್ದೆ ಮಾಡಿ, ಕೊಂದವರಿಗೆ ಹಣವನ್ನೂ ಕೊಟ್ಟಿತು. ಮೊಲ ಕದ್ದವರನ್ನು ಹಡಗು ಹತ್ತಿಸಿ ಕಳಿಸುತ್ತಿದ್ದ ನೆಲ ಅದೇ! ಹಣದ ಆಸೆಗೆ ಬಂದ ಮೊಲಗಾರರು ಗಬ್ಬದ ಹೆಣ್ಣು ಮೊಲಗಳನ್ನು ಬೇಕೆಂದೇ ಬಿಟ್ಟುಬಿಡುತ್ತಾರೆಂಬ ದೂರೂ ಆಗ ಕೇಳಿಬಂತು. ನಾಳಿನ ಕೂಲಿಯನ್ನು ಇಂದೇ ಕೊಲ್ಲುವವರುಂಟೇ?

ಬ್ರಿಟನ್ನಿನಲ್ಲಿ ಉರುಳಿನಿಂದಾಗದ್ದನ್ನು ರೋಗ ಮಾಡಿತು. ಮಿಕ್ಸೊಮಟೋಸಿಸ್ ಎಂಬ ವೈರಾಣು ರೋಗ 1953ರಲ್ಲಿ ಅಲ್ಲಿಗೆ ಕಾಲಿಟ್ಟು, ಎರಡೇ ವರ್ಷಗಳಲ್ಲಿ ಬಹುಪಾಲು ಮೊಲಗಳನ್ನು ಅಳಿಸಿಹಾಕಿತು. ಉಳಿದವು ತಲೆಯೆತ್ತಬಾರದೆಂದು ಪಾರ್ಲಿಮೆಂಟು 1954ರಲ್ಲಿ ಮತ್ತೊಂದು ಕಾಯ್ದೆ ತಂದಿತು. ಅದರಂತೆ ಮೊಲ ನಿವಾರಣಾ ಪ್ರದೇಶವೆಂದು ಘೋಷಿಸಿದ ಕಡೆ, ತನ್ನ ನೆಲದ ಮೊಲಗಳನ್ನು ಕೊಲ್ಲುವುದು ಇಲ್ಲವೇ ಅವು ಹಾನಿ ಮಾಡದಂತೆ ತಡೆಯುವುದು ಬೇಸಾಯಗಾರನ ಕರ್ತವ್ಯ! ಯಾವುದಕ್ಕಾಗಿ ಅವನ ಮುತ್ತಜ್ಜ ಹಡಗು ಹತ್ತಬೇಕಿತ್ತೋ ಅದನ್ನು ಮಾಡದಿದ್ದರೆ ಇವನಿಗೆ ದಂಡ. ಅಲ್ಲಿಗೂ ಕಥೆ ನಿಲ್ಲಲಿಲ್ಲ. ಬೆಕ್ಕು, ನಾಯಿ, ಬ್ಯಾಜರ್‌ಗಳೂ ಸಿಕ್ಕಿ ನರಳುತ್ತವೆಂಬ ಕಾರಣದಿಂದ ವೇಲ್ಸ್ 2023ರಲ್ಲೂ ಸ್ಕಾಟ್ಲೆಂಡ್ 2024ರಲ್ಲೂ ಉರುಳನ್ನೇ ನಿಷೇಧಿಸಿದವು. ಆ ನಿಷೇಧವನ್ನು ನಾನು ಒಪ್ಪುತ್ತೇನೆ. ಆ ಅರಚುವಿಕೆಯನ್ನು ಕೇಳಿದವನು ನಾನು.

ನಮ್ಮಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ 1991ರ ಅದರ ತಿದ್ದುಪಡಿಯ ನಂತರ ಮೊಲಕ್ಕೆ ಉರುಳು ಹಾಕುವುದು ಅಪರಾಧ. ಕಾಡಂಚಿನಲ್ಲಿ ಹಂದಿಗೆಂದು ಕದ್ದು ಒಡ್ಡಿದ ತಂತಿಗೆ ಚಿರತೆ ಸಿಕ್ಕಿ ಸತ್ತ ಸುದ್ದಿಯನ್ನು ನೀವೂ ಓದಿರುತ್ತೀರಿ.

ಪ್ರಶ್ನೆ ಕೇಳಿದ ಆ ಹುಡುಗ ಈಗ ತಲೆ ನರೆತ ರೈತ. ಕಳೆದ ವರ್ಷ ದೀಪಾವಳಿಯ ಮುಂಚೆ ಮನೆಗೆ ಬಂದಿದ್ದ. ಮುಸುಕಿನ ಜೋಳವನ್ನು ಕಾಡುಹಂದಿಗಳು ತುಳಿದು ಹಾಕಿವೆ, ಪರಿಹಾರಕ್ಕೆ ಒಂದು ಅರ್ಜಿ ಬರೆದುಕೊಡಿ ಸಾರ್ ಎಂದ. ಬರೆಯುತ್ತಾ ಅವನಿಗೆ 1880ರ ಕಥೆಯನ್ನೆಲ್ಲ ಹೇಳಿದೆ. ಅಂದು ತರಗತಿಯಲ್ಲಿ ಗದರಿಸಿದ್ದು ನನ್ನ ತಪ್ಪೆಂದೂ ಹೇಳಿದೆ. ಅವನಿಗೆ ಆ ಪ್ರಶ್ನೆ ನೆನಪೇ ಇರಲಿಲ್ಲ. "ಹೌದಾ ಸಾರ್, ನಾನು ಕೇಳಿದ್ನಾ?" ಎಂದು ನಕ್ಕು, ಪಹಣಿಯ ನಕಲನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟ.