ಗಂಧದ ಕೊರಡು, ವಜ್ರದ ಹರಳು

ಆಫ್ರಿಕಾದ ಭೂಪಟವನ್ನು ಗೋಡೆಗೆ ತೂಗುಹಾಕಿ, ಕಿಂಬರ್ಲಿಯ ಮೇಲೆ ಕೋಲಿಟ್ಟು ‘ಇದು ವಜ್ರದ ಗಣಿಯ ಊರು’ ಎಂದು ನಾನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಊರಿನ ಹೆಸರು ಈಗ ಒಂದು ಅಂತರರಾಷ್ಟ್ರೀಯ ಕಟ್ಟಳೆಗೂ ಸಲ್ಲುತ್ತದೆ.

ಸಿಯೆರಾ ಲಿಯೋನಿನಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಬಂಡುಕೋರರು ವಜ್ರ ಮಾರಿ ಬಂದೂಕು ಕೊಂಡರು. ಅಂಗೋಲದಲ್ಲಿಯೂ ಇದೇ ಕಥೆ. ಇದನ್ನು ತಡೆಯಲು 2000ದ ಮೇ ತಿಂಗಳಲ್ಲಿ ಕಿಂಬರ್ಲಿಯಲ್ಲಿ ಮೊದಲ ಸಭೆ ಸೇರಿತು. 2003ರ ಜನವರಿ 1ರಿಂದ ‘ಕಿಂಬರ್ಲಿ ಪ್ರಕ್ರಿಯೆ’ ಜಾರಿಗೆ ಬಂದಿತು. ಒರಟು ವಜ್ರಗಳು ಮೊಹರು ಮಾಡಿದ ಪೆಟ್ಟಿಗೆಯಲ್ಲಿ, ಸರ್ಕಾರದ ಪ್ರಮಾಣಪತ್ರದೊಡನೆ, ಸದಸ್ಯ ರಾಷ್ಟ್ರಗಳ ನಡುವೆ ಮಾತ್ರ ಸಾಗಬೇಕೆಂಬುದು ಅದರ ನಿಯಮ. ಜಗತ್ತಿನ ಬಹುಪಾಲು ವಜ್ರಗಳಿಗೆ ಸಾಣೆ ಹಿಡಿಯುವ ಸೂರತ್ ನಮ್ಮ ದೇಶದಲ್ಲಿಯೇ ಇದೆ. 2008 ಮತ್ತು 2019ರಲ್ಲಿ ಭಾರತವೇ ಇದರ ಅಧ್ಯಕ್ಷ ಸ್ಥಾನ ವಹಿಸಿತ್ತು.

ಇದು ದೂರದ ಕಥೆಯೆಂದು ಭಾವಿಸಬೇಡಿ. ನಮ್ಮ ನಾಡಿನ ವಜ್ರವೆಂದರೆ ಶ್ರೀಗಂಧ. ನಮ್ಮ ನೆರೆಯ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಮೈಸೂರು ಸಂಸ್ಥಾನವೂ ಆ ಹಕ್ಕನ್ನು ಉಳಿಸಿಕೊಂಡಿತು. ಮೊದಲ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿತು.

ಆದರೆ ರೈತನ ಬದುವಿನಲ್ಲಿ ಹುಟ್ಟಿದ ಮರವೂ ಸರ್ಕಾರದ್ದೇ! ಕಾಯುವ ಹೊಣೆ ಅವನದು, ಮರ ಕಳುವಾದರೆ ವಿಚಾರಣೆಯ ಭಯವೂ ಅವನದೇ. ಸಸಿ ಕಂಡರೆ ಕಿತ್ತೆಸೆಯುವವರೂ ಇದ್ದರು. ಹೀಗೆ ಸಕ್ರಮ ಮರ ವಿರಳವಾಗಿ ಬೆಲೆ ಏರಿದಾಗ ಕಳ್ಳಪೇಟೆ ಬೆಳೆಯಿತು. ಆನೆಯ ದಂತದಿಂದಲೂ ಗಂಧದಿಂದಲೂ ವೀರಪ್ಪನ್ ಒಂದು ಸಶಸ್ತ್ರ ಪಡೆಯನ್ನೇ ಸಾಕಿದನು. ಗೋಪಿನಾಥಂ ಜನರ ಮನ ಗೆದ್ದಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರಿನಲ್ಲಿ ಅವನಿಂದ ಹತರಾದರು. 2000ದಲ್ಲಿ ಡಾ. ರಾಜ್‌ಕುಮಾರ್ ಅವರು 108 ದಿನ ಸೆರೆಯಲ್ಲಿದ್ದುದನ್ನು ಯಾರು ಮರೆತಾರು? 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು.

ಅದಕ್ಕೂ ಮೊದಲೇ, 2001ರ ತಿದ್ದುಪಡಿಯಿಂದ ಕರ್ನಾಟಕವು ಗಂಧದ ಮರದ ಒಡೆತನವನ್ನು ಭೂಮಿಯ ಒಡೆಯನಿಗೇ ಕೊಟ್ಟಿತ್ತು. ಕಡಿಯಲು, ಸಾಗಿಸಲು ಅನುಮತಿ ಬೇಕೆಂಬುದು ಹಾಗೆಯೇ ಉಳಿದರೂ, ಎಷ್ಟೋ ರೈತರು ಇಂದು ಧೈರ್ಯವಾಗಿ ಗಂಧ ನೆಡುತ್ತಿದ್ದಾರೆ. ಕಳ್ಳರ ಕಾಟವಂತೂ ನಿಂತಿಲ್ಲ.

ವಜ್ರದ ಕಟ್ಟಳೆಯಲ್ಲಿ ಇಂತಹ ತಿದ್ದುಪಡಿ ಇನ್ನೂ ಬಂದಿಲ್ಲ. ಬಂಡುಕೋರರಿಗೆ ಹಣ ಒದಗಿಸುವ ವಜ್ರ ಮಾತ್ರ ಅದರ ದೃಷ್ಟಿಯಲ್ಲಿ ಕಳಂಕಿತ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಸರ್ಕಾರದ ಸೈನಿಕರೇ ವಜ್ರ ಅಗೆಯುವವರನ್ನು ಕೊಂದರು. ಆದರೂ ಅಲ್ಲಿನ ವಜ್ರದ ರಫ್ತಿಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಈ ಪ್ರಕ್ರಿಯೆಗೆ ಕಾರಣವಾದವುಗಳಲ್ಲಿ ಒಂದಾದ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಆ ವರ್ಷವೇ ಹೊರನಡೆಯಿತು. ಪ್ರಮಾಣಪತ್ರವಾದರೂ ಒರಟು ಹರಳಿಗಷ್ಟೇ. ಸಾಣೆ ಹಿಡಿದ ಮೇಲೆ ಅದು ಜೊತೆಗೆ ಬರುವುದಿಲ್ಲ.

ಮರ ಬೆಳೆಸುವವನಿಗೆ, ಮಣ್ಣು ಅಗೆಯುವವನಿಗೆ ನ್ಯಾಯವಾದ ಪಾಲು ಸಿಗದೆ ಕೇವಲ ಮೊಹರು ಕಾವಲು ಕಾಯಲಾರದು ಎಂಬುದು ನಮ್ಮ ಗಂಧದ ಚರಿತ್ರೆ ಕಲಿಸುವ ಪಾಠ. ಮನೆಯ ಮದುವೆಗೆ ವಜ್ರದ ಓಲೆ ಕೊಳ್ಳುವಾಗ, ಇದು ಎಲ್ಲಿಯ ಹರಳು ಎಂದು ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಉತ್ತರ ಬಾರದಿದ್ದರೂ, ಹತ್ತು ಜನ ಕೇಳಿದರೆ ಅವರು ತಮಗೆ ಮಾರಿದವರನ್ನು ಕೇಳಬೇಕಾಗುತ್ತದೆ.